ಹಿರಿಯ ಅಳಿಯನ ಎಡಗೈ ಸಾಧನೆ

ಮದರಾಸಿನಲ್ಲಿ ಬಹಳ ಕಾಲ ನಾನೊಬ್ಬನೇ ಅಳಿಯನಾಗಿ ಸುಖವಾಗಿದ್ದೆ. ಆಮೇಲೆ ನನ್ನ ಹೆಂಡತಿ ವಸಂತಳ ತಂಗಿಯನ್ನು ಸೀನು ಮದುವೆಯಾದ. ಅವನು ಎಡಚ.

ಅಡ್ಯಾರಿನ ಅತ್ತೆಮನೆಯಲ್ಲಿ ಭಾನುವಾರ ಕೇರಂ ಆಟ. ಸೋತ ಅಳಿಯ ಎಲ್ಲರಿಗೂ ಊಟ ಬಡಿಸಬೇಕು, ಅದು ಆ ಮನೆಯ ಕಾನೂನು. ಸೀನು ಎಡಗೈಯಲ್ಲಿ ಸ್ಟ್ರೈಕರ್ ಹೊಡೆದರೆ ಕಾಯಿಗಳು ತಾವಾಗಿಯೇ ಗುಳಿಗೆ ನಡೆದು ಹೋಗುತ್ತಿದ್ದವು! "ನಮ್ಮ ಸೀನು ಕೈ ಕೈಯಲ್ಲ, ಕಲೆ" ಎಂದು ಅತ್ತೆ ಹೊಗಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಹಿರಿಯ ಅಳಿಯ ನಾನೋ, ಅವನೋ?

ಅಷ್ಟರಲ್ಲಿ ಒಂದು ವಾರಪತ್ರಿಕೆಯಲ್ಲಿ ಓದಿದೆ: ಎಡಗೈಯನ್ನು ಆಳುವುದು ಬಲಮಿದುಳು, ಕಲೆಯೆಲ್ಲ ಅಲ್ಲೇ ವಾಸ. ಗುಟ್ಟು ಸಿಕ್ಕಿತು! ನನ್ನ ಬಲಮಿದುಳು ಇಷ್ಟು ದಿನ ಪೂರ್ತಿ ಸಂಬಳ ತೆಗೆದುಕೊಂಡು ನಿದ್ದೆ ಹೊಡೆಯುತ್ತಿತ್ತು. ಅದನ್ನು ಕೆಲಸಕ್ಕೆ ಹಚ್ಚುವುದೆಂದು ತೀರ್ಮಾನಿಸಿದೆ. ಎಡಗೈಯಲ್ಲಿ ಹಲ್ಲುಜ್ಜಿದೆ, ಪೇಸ್ಟ್ ಮೂಗಿಗೆ ಹೋಯಿತು. ಎಡಗೈಯಲ್ಲಿ ಕ್ಷೌರ ಮಾಡಿಕೊಂಡೆ, ಅರ್ಧ ಮೀಸೆ ಹೋಯಿತು. ನ್ಯಾಯವಾಗಿರಲೆಂದು ಉಳಿದರ್ಧವನ್ನೂ ತೆಗೆದೆ.

"ಏನ್ರೀ ಇದು ಅವತಾರ? ಆಫೀಸಲ್ಲಿ ಒಳಗೆ ಬಿಟ್ರಾ?" ಎಂದಳು ವಸಂತ.

"ಸಾಧನೆ ಕಣೇ. ಇನ್ಮೇಲೆ ಕೆಲಸ, ವೇಲೆ ಎಲ್ಲಾನೂ ಎಡಗೈಲೇ."

"ಊಟ?"

"ಊಟ ಒಂದು ಬಿಟ್ಟು."

ಕೆಲವು ತಿಂಗಳಲ್ಲಿ ಕೈ ಪಳಗಿದಂತಾಯಿತು. ಎಗ್ಮೋರಿನಲ್ಲಿ ಅಡ್ಯಾರ್ ಬಸ್ಸು ಹತ್ತುವಾಗಲೇ ಗೆದ್ದುಬಂದವನ ಗತ್ತು ನನಗೆ. ಕೇರಂಗೆ ಕೂತು ಎಡಗೈಯಲ್ಲಿ ಹೊಡೆದ ಮೊದಲ ಹೊಡೆತಕ್ಕೆ ಸ್ಟ್ರೈಕರ್ ಹಾರಿ ಅತ್ತೆಯ ಕಾಫಿ ಲೋಟಕ್ಕೆ ಬಿತ್ತು. ಎರಡನೆಯದಕ್ಕೆ ಸೀನುವಿನ ಕಾಯನ್ನೇ ಗುಳಿಗೆ ಹಾಕಿದೆ.

"ರೊಂಬ ಥ್ಯಾಂಕ್ಸ್ ಭಾವ!" ಎಂದ. ವ್ಯಂಗ್ಯವೂ ಇರಲಿಲ್ಲ, ಅದೇ ಸಂಕಟ!

ಸೋತೆ. ಎಲೆ ಹಾಕಿದರು. ಹುಳಿಯ ಪಾತ್ರೆ ಹಿಡಿದು ಅತ್ತೆಯ ಎಲೆಗೆ ಬಡಿಸಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾಗಿ ಬಡಿಸಿರಲಿಲ್ಲ!

ಅತ್ತೆ ಎಲೆ ಬಿಟ್ಟು ಎದ್ದರು. "ಎಡಗೈಲಿ ಬಡಿಸೋದಾ! ರಾಮ ರಾಮ!"

ನೋಡಿದರೆ, ಸೌಟು ನನ್ನ ಎಡಗೈಯಲ್ಲಿತ್ತು. ಸಾಧನೆ ಫಲಿಸಿತ್ತು, ಜಾಗ ಮಾತ್ರ ತಪ್ಪಿತ್ತು.

ಸೀನು ಓಡಿ ಬಂದ. ಅತ್ತೆಗೆ ಹೊಸ ಎಲೆ ಹಾಕಿ, ಸೌಟು ತೆಗೆದುಕೊಂಡು ಎಲ್ಲರಿಗೂ ಬಡಿಸಿದ. ಬಲಗೈಯಲ್ಲಿ! "ಚಿಕ್ಕಂದಿನಲ್ಲಿ ಅಮ್ಮ ಗದರಿಸಿ ಗದರಿಸಿ ಕಲಿಸಿದ್ದು ಭಾವ" ಎಂದ.

"ಹುಟ್ಟಾ ಎಡಚ. ಆದ್ರೂ ಎಷ್ಟು ಸಂಸ್ಕಾರ ನೋಡಿ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಅಲ್ಲಿಯವರೆಗೆ ಅವನ ಒಂದು ಕೈ ಕಂಡರೆ ನನಗಾಗುತ್ತಿರಲಿಲ್ಲ. ಈಗ ಎರಡೂ ಕೈ ಕಂಡರಾಗುವುದಿಲ್ಲ.

ಊಟವಾದ ಮೇಲೆ ಹಿರಿಯ ಅಳಿಯನಿಗೂ ಅತ್ತೆ ಒಂದು ಕೆಲಸ ಕೊಟ್ಟರು: ಎಂಜಲೆಲೆ ಎತ್ತುವುದು. ಅದಕ್ಕೆ ಯಾವ ಕೈಯಾದರೂ ನಡೆಯುತ್ತದಂತೆ!