ನಡುವಿನ ಪೆಡಲು

ಹಳೇ ಮೋಟಾರುಗಳ ಗೇರ್ ಬಾಕ್ಸಿನ ವಿಷಯದಲ್ಲಿ ನನ್ನಷ್ಟು ತಿಳಿದವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ನನ್ನ ಹೆಂಡತಿಯನ್ನು ಮಾತ್ರ ಕೇಳಬೇಡಿ, ಅವಳು ಬೇರೇನೋ ಹೇಳುತ್ತಾಳೆ.

ಮಾವನವರ ಷೆಡ್ಡಿನಲ್ಲಿ ಅವರಪ್ಪನ ಕಾಲದ ಕಾರೊಂದಿತ್ತು. ಮದುವೆಯಾದಾಗಿನಿಂದ ಪ್ರತಿ ಭಾನುವಾರ ಅದರ ಮೈ ಒರೆಸಿದವನು ನಾನು. ಆ ಮನೆಯಿಂದ ನಾನು ಆಸೆಪಟ್ಟ ವಸ್ತು ಅದೊಂದೇ (ಇವಳನ್ನು ಕೊಟ್ಟಿದ್ದು ಅವರಾಗಿಯೇ). ಒರೆಸಲು ಬಿಟ್ಟರು, ಓಡಿಸಲು ಒಮ್ಮೆಯೂ ಬಿಡಲಿಲ್ಲ. ಕೊನೆಗೊಂದು ಭಾನುವಾರ ಷೆಡ್ಡು ಖಾಲಿ ಮಾಡಬೇಕೆಂದು ಗುಜರಿಯವನನ್ನೇ ಕರೆಸಿಬಿಟ್ಟರು. ನನ್ನ ಮುಖ ನೋಡಿ ಏನನ್ನಿಸಿತೋ, "ಅಳಿಯಂದಿರೇ, ಅಂಗಳದಲ್ಲಿ ಒಂದು ಸುತ್ತು ಓಡಿಸಿ ತೋರಿಸಿ. ಕಾರು ನಿಮ್ದು. ಇಲ್ಲಾಂದ್ರೆ ಇವನದು" ಎಂದರು. ಗುಜರಿಯವನು ಗೇಟಿಗೆ ಒರಗಿ ನಿಂತ.

ಇಂಥ ಗಳಿಗೆಯಲ್ಲಿ ಸುಮ್ಮನೆ ಹತ್ತಿ ಕೂರುವುದು ವಿದ್ವತ್ತಿಗೇ ಅವಮಾನ. ಬಾನೆಟ್ಟಿನ ಮೇಲೆ ಕೈಯಿಟ್ಟು ಉಪನ್ಯಾಸ ಆರಂಭಿಸಿದೆ.

"ಆ ಕಾಲದ ಗೇರ್ ಬಾಕ್ಸಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಕೋಲು ಜಗ್ಗಿ ಹಲ್ಲಿನ ಚಕ್ರ ಸರಿಸಿ ಇನ್ನೊಂದಕ್ಕೆ ಕೂಡಿಸ್ಬೇಕು. ವೇಗ ಹೊಂದದಿದ್ರೆ ಕರಕರ ಕಾದಾಟ. ಇದು ಎರಡನೇ ಜಾತಿ. ಹಲ್ಲುಗಳು ಸದಾ ಕೂಡಿಕೊಂಡೇ ಇರ್ತವೆ. ಪೆಡಲು ಒತ್ತಿದ್ರೆ ಒಳಗೊಂದು ಪಟ್ಟಿ ಬಿಗಿಯುತ್ತೆ, ಅಷ್ಟೆ. ಜಗಳವೇ ಇಲ್ಲ!"

"ಜಗಳ ಇಲ್ಲದ್ದು ನಿಮಗೆಲ್ಲಿ ಓಡಿಸೋಕೆ ಬರುತ್ತೆ?" ಎಂದಳು ಇವಳು. "ಮೊದಲು ನಿಮ್ಮ ಸ್ಕೂಟರ್ ತೆಗೀರಿ, ಕಾರಿನ ಹಿಂದೇನೇ ಇದೆ."

"ಕಾರು ಹೋಗೋದು ಮುಂದಕ್ಕೆ ಕಣೇ!"

ಎಡದ ಪೆಡಲು ಮುಂದಕ್ಕೆ, ನಡುವಿನದು ಹಿಂದಕ್ಕೆ, ಬಲದ್ದು ಬ್ರೇಕು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ನನ್ನ ಕಾಲು ಪಾಠ ಕಲಿತದ್ದು ಆಫೀಸಿನ ಜೀಪಿನಲ್ಲಿ. ಅಲ್ಲಿ ಎಡಕ್ಕಿರುವುದು ಕ್ಲಚ್ಚು, ನಡುವೆ ಇರುವುದು ಬ್ರೇಕು. ಹತ್ತಿ ಕೂತು ಎಡದ್ದನ್ನು ಮೆಲ್ಲಗೆ ಒತ್ತಿದೆ. ಕಾರು ಹೊರಟಿತು, ಹೂಕುಂಡಗಳು ಎದುರಾದವು. ಕ್ಲಚ್ಚೆಂದು ಎಡದ್ದನ್ನು ಅದುಮಿದೆ. ಕಾರು ಇನ್ನಷ್ಟು ಮುನ್ನುಗ್ಗಿತು. ಗಾಬರಿಯಲ್ಲಿ ಅದನ್ನು ಬಿಟ್ಟು, ಬ್ರೇಕೆಂದು ನಡುವಿನದನ್ನು ತುಳಿದೆ. ಕಾರು ಒಮ್ಮೆ ನಡುಗಿ ಹಿಂದಕ್ಕೆ ಹೊರಟಿತು. ನಿಲ್ಲಲಿ ಎಂದು ಮತ್ತಷ್ಟು ಬಲವಾಗಿ ತುಳಿದೆ, ಮತ್ತಷ್ಟು ಬಲವಾಗಿ ಹಿಂದಕ್ಕೆ ಹೋಯಿತು. ಸ್ಕೂಟರ್ ಲಟಲಟ ಎಂದಿತು.

"ಹೇಳಿರ್ಲಿಲ್ವಾ?" ಎಂದಳು. ಈ ಮಾತನ್ನು ಅವಳು ಬಾಯಲ್ಲಿ ಸದಾ ಸಿದ್ಧವಾಗಿಟ್ಟುಕೊಂಡಿರುತ್ತಾಳೆ.

ಮಾವನವರು ನನ್ನನ್ನು ಇಳಿಸಿ ಮಗಳನ್ನು ಕರೆದರು. ಜನ್ಮದಲ್ಲಿ ಸೈಕಲ್ಲನ್ನೂ ತುಳಿಯದವಳು!

"ನೋಡಮ್ಮ, ಎಡದ್ದು ಒತ್ತಿದ್ರೆ ಹೋಗುತ್ತೆ, ಬಲದ್ದು ಒತ್ತಿದ್ರೆ ನಿಲ್ಲುತ್ತೆ. ನಡುವಿನದು ನಿನ್ನ ಗಂಡನಿಗಿರಲಿ."

ಮರೆಯಬೇಕಾದ ಅಭ್ಯಾಸ ಅವಳ ಕಾಲಿಗೆ ಒಂದೂ ಇರಲಿಲ್ಲ. ಅಂಗಳ ಸುತ್ತಿ ಬಂದು ಹೂಕುಂಡದ ಮುಂದೆ ಬೆಣ್ಣೆಯ ಹಾಗೆ ನಿಲ್ಲಿಸಿದಳು. ಗುಜರಿಯವನು ಚಪ್ಪಾಳೆ ತಟ್ಟಿದ, ದ್ರೋಹಿ. ನನಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಒರೆಸಿದ ಕೈ ನನ್ನದು, ಬೀಗದ ಕೈ ಹೋದದ್ದು ಅವಳ ಸೆರಗಿನ ತುದಿಗೆ. ಗುಜರಿಯವನೂ ಬರಿಗೈಯಲ್ಲಿ ಹೋಗಲಿಲ್ಲ, ನನ್ನ ಸ್ಕೂಟರನ್ನು ಹೇರಿಕೊಂಡು ಹೋದ.

ಕಾರು ಈಗ ನಮ್ಮ ಮನೆಯಲ್ಲೇ ಇದೆ. ಭಾನುವಾರ ಒರೆಸುವವನು ಈಗಲೂ ನಾನೇ. ಅದನ್ನು ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಅದೂ ನನ್ನ ಪಾಲಿಗೇ ಬಂದಿದೆ. ರಟ್ಟೆ ಬೀಳುವ ತನಕ ತಿರುಗಿಸಿ, ಎಂಜಿನ್ ಗುಡುಗಿದ ಮೇಲೆ ಓಡಿಬಂದು ಮುಂದಿನ ಬಾಗಿಲಿಗೆ ಕೈ ಹಾಕುತ್ತೇನೆ.

"ಹಿಂದೆ ಕೂತ್ಕೊಳ್ಳಿ" ಎನ್ನುತ್ತಾಳೆ. "ನಿಮ್ಮ ಕಾಲು ನನಗೆ ಗೊತ್ತಿಲ್ವಾ?"