ಹಿಸ್ಸಾ ದೇನಾ

ಮರಿಲಿಂಗನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಸುರಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ಹೇಳಿ ಬೆಳೆದ ಗಂಟಲು ಅದು. ಆ ಭಾನುವಾರ ಬೆಳಿಗ್ಗೆ ಅವನು ರಂಗಂಪೇಟೆಯ ಬಾಡಿಗೆ ಮನೆಯ ಅಂಗಳದಲ್ಲಿ ನಿಂತು ಮರುದಿನದ ಪಾಠವನ್ನು ಗೋಡೆಗೆ ಒಪ್ಪಿಸುತ್ತಿದ್ದ.

“ಹಿಸ್ಟೋನ್, ಡಿಎನ್‌ಎ. ಹೆಂಗ ಬಿಗಿಯಾಗಿ ಹಿಡಕೊಂಡದ ನೋಡ್ರಿ. ಬಿಡಿಸೋದು ಹೆಂಗ?”

ಗೋಡೆಯಾಚೆ ಜೋಳ ಹಸನು ಮಾಡುತ್ತಿದ್ದ ಸಾಯಬಮ್ಮನ ಕಿವಿಗೆ ಅದು “ಹಿಸ್ಸಾ ದೇನಾ” ಎಂದು ಬಿತ್ತು. ಪಾಲು ಕೊಡು ಅಂತ. ಉರ್ದು ಬಾರದವರಿಗೂ ಈ ಕಡೆ ಹಿಸ್ಸಾ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಆಕೆಯ ತವರು ದೋರನಹಳ್ಳಿ, ಮರಿಲಿಂಗನ ಅತ್ತಿಗೆ ಹಣಮಂತಮ್ಮ ಬಾಲ್ಯದ ಗೆಳತಿ. ಮೊರ ಕೆಳಗಿಟ್ಟಳು, ಫೋನು ಎತ್ತಿದಳು.

“ನಿನ್ನ ಮೈದುನ ಹೊಲದಾಗ ಹಿಸ್ಸಾ ಕೇಳಾಕತ್ತಾನವಾ. ವಕೀಲರ ಮುಂದ ಹೇಳಿದಂಗ ಒದರಾಕತ್ತಾನ.”

ಹತ್ತು ನಿಮಿಷದಲ್ಲಿ ಮನೆ ಮಾಲಕ ಅಮರಪ್ಪ ಹಾಜರಾದ. “ಒಡಹುಟ್ಟಿದಾಂವನ ಮ್ಯಾಲ ಕೋರ್ಟಿಗಿ ಹೋಗಬ್ಯಾಡ್ರಿ ಸರ. ಹೋಗೋದ ಆದ್ರ ನಮ್ಮ ಅಳಿಯ ವಕೀಲ ಅದಾನ್ರಿ.”

ಸಾಯಬಮ್ಮ ಹಬ್ಬಿಸಿದ ಸುದ್ದಿ ಮರಿಲಿಂಗನಿಗೆ ತಿಳಿದದ್ದೇ ಅಮರಪ್ಪನ ಬಾಯಿಂದ. ಅಪ್ಪ ಹೋದ ಮೇಲೆ ಶಾಲೆ ಬಿಟ್ಟು ನೇಗಿಲು ಹಿಡಿದು ಇವನನ್ನು ಓದಿಸಿದವನು ಅಣ್ಣ ಮೌನಪ್ಪ. ಇವನೋ, ಹೊಲದ ಮಾತನ್ನು ಒಮ್ಮೆಯೂ ಎತ್ತಿದವನಲ್ಲ. ಅಣ್ಣ ಇದನ್ನು ನಂಬಿಬಿಟ್ಟರೆ ಅಣ್ಣನೇ ಕೈತಪ್ಪಿ ಹೋದ ಹಾಗೆ. ಫೋನು ಮಾಡಿದ, ಹಣಮಂತಮ್ಮನ ಲೈನು ಬಿಜಿ. ಅಣ್ಣನ ಫೋನು ಸ್ವಿಚ್ ಆಫ್.

ಮಧ್ಯಾಹ್ನದ ಹೊತ್ತಿಗೆ ಅಣ್ಣ ಅತ್ತಿಗೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಮೌನಪ್ಪನ ಮುಖ ಬಿಳಿಚಿಕೊಂಡಿತ್ತು. ಹಿಂದೆ ಸಾಯಬಮ್ಮ, ಅಮರಪ್ಪ.

“ಯಣ್ಣ, ನಾ ಅಂದಿದ್ದು ಹಿಸ್ಸಾ ಅಲ್ಲ, ಹಿಸ್ಟೋನ್.”

“ಅದು ಎಷ್ಟು ಎಕರಿ ಬರ್ತದ?” ಎಂದ ಮೌನಪ್ಪ.

“ಹೊಲ ಅಲ್ಲೋ ಯಣ್ಣ. ನಮ್ಮ ಮೈಯಾಗ ಜೀವಕೋಶ ಅದಾವಲ್ಲ, ಅದರೊಳಗ ಒಂದು ಉದ್ದನ ದಾರ ಇರ್ತದ, ಅದು ಡಿಎನ್‌ಎ. ಆ ದಾರ ಸುತ್ತೋ ಉಂಡಿನ ಹಿಸ್ಟೋನ್. ಉಂಡಿಗಿ ಬಾಲ ಇರ್ತದ. ಒಂದು ಕಿಣ್ವ ಬಂದು ಆ ಬಾಲಕ್ಕ ಗುರುತು ಹಚ್ಚತದ. ಆಗ ದಾರ ಸಡಲಾಗಿ, ಅದರಾಗ ಬರದಿದ್ದು ಓದಾಕ ಬರ್ತದ.”

“ಗುರುತು ಹಚ್ಚಾಂವ ಅಂದ್ರ ಸರ್ವೇದಾಂವೇನ್ರಿ?” ಅಮರಪ್ಪನ ಅನುಮಾನ.

ಮರಿಲಿಂಗ ಅವನನ್ನು ಬಿಟ್ಟು ಅಣ್ಣನ ತಲೆಯ ಮೇಲಿನ ರುಮಾಲಿಗೆ ಬೆರಳು ಮಾಡಿದ. “ಕಿಣ್ವನೂ ಈ ರುಮಾಲಿನಂಗ ಉದ್ದನ ಎಳಿನ. ತನ್ನದೇ ರೀತಿಲೆ ಸುತ್ತಿ ಮಡಚಿಕೊಂಡಾಗ ನಡುವ ಒಂದು ಸಂದು ಆಗ್ತದ. ನಿನ್ನ ಎಲಿ ಅಡಿಕಿ ಚೀಲ ಈ ಮಡಿಕ್ಯಾಗ ಕೂತಂಗ, ಹಿಸ್ಟೋನಿನ ಬಾಲ ಆ ಸಂದಿನ್ಯಾಗ ಕರೆಕ್ಟ್ ಕೂಡತದ. ಕೂತರಷ್ಟ ಗುರುತು.”

“ಅಂದ್ರ ನೀ ಹೊಲ ಕೇಳಾಕತ್ತಿಲ್ಲ?”

“ನಿನ್ನಾಣಿ ಇಲ್ಲ.”

ಮೌನಪ್ಪ ಉಸಿರು ಬಿಟ್ಟ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಹಣಮಂತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ರೊಟ್ಟಿ ಗಂಟು ಬಿಚ್ಚಿದಳು. ಸಾಯಬಮ್ಮನಂತೂ ತಾನೇ ಎಲ್ಲ ಸರಿಮಾಡಿದವಳಂತೆ ಚಟ್ನಿಪುಡಿ ತರಲು ಓಡಿದಳು. ಮರಿಲಿಂಗನಿಗೆ ಕಣ್ಣು ತುಂಬಿ ಬಂತು. ಅಣ್ಣ ಉಳಿದ, ಅಷ್ಟು ಸಾಕು. ಆ ಖುಷಿಯಲ್ಲಿ ಪಾಠದ ಕೊನೆಯ ಭಾಗವನ್ನೂ ಹೇಳಿಯೇ ಬಿಡೋಣವೆನಿಸಿತು. ಅಣ್ಣನ ತಲೆಯಿಂದ ರುಮಾಲು ತೆಗೆದ.

“ಇನ್ನ, ಮಡಿಕಿ ಬಿಚ್ಚಿತಂದ್ರ? ಅರಿವಿ ಅದ ಇರ್ತದ, ಕೆಲಸ ಮಾತ್ರ ನಿಂತು ಹೋಗ್ತದ. ನೋಡ್ರಿ.” ಎಂದು ಕೊಡವಿದ.

ಎಲೆ ಅಡಿಕೆ ಚೀಲ ಕೆಳಗೆ ಬಿತ್ತು. ಅದರ ಹಿಂದೆಯೇ ನಾಲ್ಕು ಮಡಿಕೆಯ ಒಂದು ಕಾಗದ. ಮರಿಲಿಂಗ ಎತ್ತಿ ಬಿಚ್ಚಿದ. ಹೊಲದ ಪಹಣಿ. ಅಪ್ಪನ ಹೆಸರಿದ್ದ ಜಾಗದಲ್ಲಿ ಈಗ ಒಂದೇ ಹೆಸರು, ಮೌನಪ್ಪನದು. ಹಿಂದೆ ಕಾಲೇಜು ಓದುವಾಗ ಅಣ್ಣ ತಂದುಕೊಟ್ಟ ಯಾವುದೋ ಕಾಗದಕ್ಕೆ ಪುಸ್ತಕದಿಂದ ತಲೆಯೆತ್ತದೆ ಸಹಿ ಹಾಕಿದ್ದು ಅವನಿಗೆ ಆಗ ನೆನಪಾಯಿತು.

ಮೌನಪ್ಪ ಇನ್ನೂ ನಗುನಗುತ್ತಲೇ ಕೈ ಚಾಚಿದ. “ಹಿಸ್ಸಾ ಕೇಳಲ್ಲ ಅಂದ್ಯಲ್ಲೋ ತಮ್ಮ, ಮತ್ತ ಅದನ್ಯಾಕ ಓದತಿ? ಹೆಂಗಿತ್ತೋ ಹಂಗ ಮಡಚಿ ಕೊಡು.”