ದೃಢೀಕರಣಕ್ಕೆ ನಾನು ಸ್ಪಾನ್ಸರ್ ಆಗಿದ್ದು

ಅವೆನ್ಯೂ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದೇನೆ, ಒಂದು ಹಾಳೆಯೂ ತಲೆಕೆಳಗಾಗಿಲ್ಲ. ಚರ್ಚಿನೊಳಗೆ ಕಾಲಿಟ್ಟರೆ ಮಾತ್ರ ನನ್ನಿಂದ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಈ ಸಲ ನನ್ನ ಜೊತೆ ಒಂದು ಹುಡುಗಿಯೂ ಸಿಕ್ಕಿಹಾಕಿಕೊಂಡಳು.

೧. ಆಯ್ಕೆ

ನಮ್ಮ ಕ್ಯಾಥೊಲಿಕರಲ್ಲಿ ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ, ನಂಬಿಕೆ ಗಟ್ಟಿಯಾಗಲಿ ಅಂತ ಬಿಷಪ್ಪರು ಹಣೆಗೆ ಎಣ್ಣೆ ಹಚ್ಚಿ ದೃಢೀಕರಣ ಕೊಡುತ್ತಾರೆ. ಆಗ ಹಿಂದೆ ಒಬ್ಬ ಸ್ಪಾನ್ಸರ್ ನಿಂತು ಹೆಗಲ ಮೇಲೆ ಕೈ ಇಡಬೇಕು. ಹೆತ್ತವರು ನಿಲ್ಲುವ ಹಾಗಿಲ್ಲ. ಇನ್ನು ಮುಂದೆ ಈ ಮಗುವಿಗೆ ನಂಬಿಕೆಯ ದಾರಿ ತೋರಿಸುತ್ತೇನೆ ಅಂತ ಒಪ್ಪಿಕೊಂಡ ಹಾಗೆ ಅದು. ಚಾಮರಾಜಪೇಟೆಯ ನಮ್ಮ ವಠಾರದ ಎದುರುಮನೆ ಹುಡುಗಿ, ಒಂಬತ್ತನೇ ಕ್ಲಾಸಿನವಳು, ನನ್ನನ್ನೇ ಬಂದು ಕೇಳಿದಳು. ಮಕ್ಕಳಿಲ್ಲದ ನಾನು ಅವಳಿಗೆ ಕೂರಲು ಕುರ್ಚಿ ಎಳೆದುಕೊಟ್ಟೆ.

"ನಾನೇ ಯಾಕಮ್ಮ?"

"ಬೇರೆಯವರೆಲ್ಲ ತುಂಬಾ ಬುದ್ಧಿ ಹೇಳ್ತಾರೆ ಅಂಕಲ್. ನಿಮಗೆ ಅಷ್ಟೊಂದು ಗೊತ್ತಿಲ್ಲ."

೨. ಕ್ಲಾಸು

ಭಾನುವಾರದ ಪೂಜೆ ಮುಗಿದ ಮೇಲೆ ಸ್ಪಾನ್ಸರುಗಳಿಗೂ ಕ್ಲಾಸು. ಪವಿತ್ರಾತ್ಮರ ಏಳು ವರಗಳನ್ನು ಹೇಳಿ ಅಂತ ಫಾದರ್ ನನ್ನನ್ನೇ ಎಬ್ಬಿಸಿದರು. ಹುಡುಗಿ ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ನನಗೆ ನೆನಪಾಗಿದ್ದು ಕೊನೆಯದೊಂದೇ.

"ದೇವಭಯ, ಫಾದರ್."

"ಅದು ಮುಖದಲ್ಲೇ ಕಾಣ್ತಿದೆ. ಉಳಿದ ಆರು ಹೇಳಿ."

೩. ಪಾಪನಿವೇದನೆ

ದೃಢೀಕರಣಕ್ಕೆ ಮುಂಚೆ ಇಬ್ಬರೂ ಪಾಪನಿವೇದನೆಗೆ, ಅಂದರೆ ಮಾಡಿದ ಪಾಪಗಳನ್ನೆಲ್ಲ ಫಾದರ್ ಹತ್ತಿರ ಹೇಳಿಕೊಳ್ಳಲು, ಹೋಗಬೇಕಿತ್ತು. ಹುಡುಗಿ ಎರಡು ನಿಮಿಷಕ್ಕೆ ಎದ್ದು ಬಂದಳು. ನಾನು ಹೋಗದೆ ಹನ್ನೊಂದು ವರ್ಷವಾಗಿತ್ತು, ಮುಗಿಸುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಿತು. ಹೊರಗೆ ಬಂದಾಗ ನಿಜಕ್ಕೂ ನಾಚಿಕೆಯಾಯಿತು. ಇಂಥವನು ಯಾರಿಗೆ ದಾರಿ ತೋರಿಸಿಯಾನು ಅನ್ನಿಸಿ, "ಬೇರೆ ಯಾರನ್ನಾದ್ರೂ ಕೇಳಮ್ಮ, ಇನ್ನೂ ಟೈಮಿದೆ" ಅಂದೆ.

"ಕ್ಯೂನಲ್ಲಿ ನಿಮ್ಮ ಹಿಂದಿದ್ದ ಆರು ಜನ ಕಾದು ಸಾಕಾಗಿ ಬೇರೆ ಫಾದರ್ ಹತ್ರ ಹೋದ್ರು ಅಂಕಲ್," ಅಂದಳು. "ನಾನು ಹೋದ್ನಾ?"

೪. ಹೆಗಲು

ಆ ದಿನ ಬಂತು. ಹುಡುಗಿಯರೆಲ್ಲ ಬಿಳಿ ಫ್ರಾಕು, ಬಿಳಿ ಮುಸುಕು ತೊಟ್ಟು ಸಾಲಾಗಿ ನಿಂತಿದ್ದರು, ಅವರ ಹಿಂದೆ ನಾವು. ಬಿಷಪ್ಪರು ಒಬ್ಬೊಬ್ಬರಿಗೇ ಎಣ್ಣೆ ಹಚ್ಚುತ್ತಾ ಹತ್ತಿರವಾದಂತೆ ನನಗೆ ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟರಲ್ಲಿ ಅವರು ಎದುರಿಗೇ ಬಂದುಬಿಟ್ಟರು. ಗಾಬರಿಯಲ್ಲಿ ಎದುರಿಗೆ ಕಂಡ ಬಿಳಿ ಹೆಗಲ ಮೇಲೆ ಕೈ ಇಟ್ಟೆ.

ಆ ಹೆಗಲ ಮೇಲೆ ಆಗಲೇ ಒಂದು ಕೈ ಇತ್ತು, ಬಳೆ ಸಮೇತ. ಬಳೆಯ ಹೆಂಗಸು ನನ್ನನ್ನು ದುರುಗುಟ್ಟಿ ನೋಡಿದರು. ಪಕ್ಕದಲ್ಲಿದ್ದ ನಮ್ಮ ಹುಡುಗಿ ತಲೆ ತಿರುಗಿಸದೆ, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ನನ್ನ ಮಣಿಕಟ್ಟು ಹಿಡಿದು ಎಳೆದು ತನ್ನ ಹೆಗಲ ಮೇಲೆ ಇಟ್ಟುಕೊಂಡಳು. ಬೀಳದಿರಲಿ ಅಂತ ಮೇಲಿನಿಂದ ಒತ್ತಿಯೂ ಹಿಡಿದಳು.

ಬಿಷಪ್ಪರು ಎಣ್ಣೆಯ ಬೆರಳನ್ನು ಹಾಗೇ ತಡೆದು ಕೇಳಿದರು, "ನಿಮ್ಮಲ್ಲಿ ಯಾರಮ್ಮ ಯಾರಿಗೆ ಸ್ಪಾನ್ಸರ್?"

"ಇವತ್ತೊಂದು ದಿನ ಅವರು ನನಗೆ, ಸ್ವಾಮಿ," ಅಂದಳು. "ನಾಳೆಯಿಂದ ನಾನು ನೋಡ್ಕೋತೀನಿ."